ಮಗಳ ಸಿಂಗಾರವೂ ವತ್ಸಲರಸವೂ

ಕಾವ್ಯದಲ್ಲಿ ಸ್ತ್ರೀಯ ಅಲಂಕಾರದ ವರ್ಣನೆಯು ಬಂದೊಡನೆಯೆ ಅದನ್ನು ಶೃಂಗಾರದ ಸಾಮಗ್ರಿಯೆಂದು ಎಣಿಸುವುದು ವ್ಯಾಖ್ಯಾನಕಾರರಿಗೂ ತರಗತಿಗಳಲ್ಲಿ ಕಾವ್ಯಪಾಠ ಹೇಳುವವರಿಗೂ ರೂಢಿಯಾಗಿ ಬಂದಿದೆ. ಹೂವು, ಗಂಧ, ತಿಲಕ, ಹಾರ, ನೂಪುರ ಇವೆಲ್ಲವೂ ಉದ್ದೀಪನವಿಭಾವಗಳು, ಅವುಗಳನ್ನು ಧರಿಸಿದವಳು ಆಲಂಬನ, ನೋಡುವವನು ನಾಯಕ. ಈ ವಿಭಾಗವು ಎಷ್ಟು ದೃಢವಾಗಿ ನಿಂತಿದೆಯೆಂದರೆ, ಅಲಂಕರಿಸುವ ಕೈಯು ತಾಯಿಯದಾಗಿರುವ ಎಡೆಯಲ್ಲಿಯೂ ಅದನ್ನೇ ಹಚ್ಚಿ ಮುಂದಕ್ಕೆ ಹೋಗುವುದುಂಟು. ಆದರೆ ಮನೆಮನೆಗಳಲ್ಲಿ ನಡೆಯುವ ಸಂಗತಿಯು ಬೇರೆಯಾಗಿದೆ. ಐದಾರು ವರ್ಷದ ಹುಡುಗಿಗೆ ಹಬ್ಬದ ಬೆಳಗ್ಗೆ ಎಣ್ಣೆಯೊತ್ತಿ ನೀರೆರೆದು, ಮುಂದೆ ಕುಳ್ಳಿರಿಸಿಕೊಂಡು ಸಿಕ್ಕು ಬಿಡಿಸಿ, ಜಡೆ ಹೆಣೆದು, ಹೂ ಮುಡಿಸಿ, ಪರಕಾರ ಉಡಿಸಿ, ಬೊಟ್ಟಿಟ್ಟು, ಒಂದು ಹೆಜ್ಜೆ ಹಿಂದಕ್ಕೆ ಸರಿದು ನೋಡುವ ತಾಯಿಯ ಸಂತೋಷವು ಶೃಂಗಾರದ ಯಾವ ಭೇದದಲ್ಲಿಯೂ ಅಡಗದು. ಹಾಗಾದರೆ ಅದು ಯಾವ ಭಾವ? ಅದಕ್ಕೆ ರಸತ್ವವುಂಟೆ? ಉಂಟಾದರೆ ಅದಕ್ಕೆ ಲಕ್ಷ್ಯವೆಲ್ಲಿ? ಈ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಲಾಗುವುದು. ಲಕ್ಷ್ಯಕ್ಕಾಗಿ ಮೊದಲು ಕಾಳಿದಾಸನನ್ನೂ, ಆಮೇಲೆ ಕನ್ನಡದ ಹಳೆಯ ಕೃತಿಗಳನ್ನೂ, ಕಡೆಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಲೆನಾಡಿನ ನುಡಿ, ನಡವಳಿಕೆ, ಕಾದಂಬರಿಗಳನ್ನೂ ತೆಗೆದುಕೊಳ್ಳಲಾಗಿದೆ.

೧. ಶಾಸ್ತ್ರದ ನಿಲುವು

ಭರತನು ನಾಟ್ಯದಲ್ಲಿ ಎಂಟು ರಸಗಳನ್ನು ಹೇಳಿದನು. ಶಾಂತವು ಸೇರಿ ಅವು ಒಂಬತ್ತಾದುವು. ಮಕ್ಕಳ ಮೇಲಣ ಪ್ರೀತಿಗೆ ಅಲ್ಲಿ ಪ್ರತ್ಯೇಕಸ್ಥಾನವಿಲ್ಲ. ಕಾವ್ಯಪ್ರಕಾಶಕಾರನಾದ ಮಮ್ಮಟನು ದೇವತೆ ಮೊದಲಾದವರ ವಿಷಯದಲ್ಲಿ ಹುಟ್ಟುವ ರತಿಯನ್ನು ಭಾವವೆಂದು ಕರೆದನು. ಆ 'ಮೊದಲಾದವರು' ಎಂಬುದರಲ್ಲಿ ಮುನಿ, ಗುರು, ರಾಜರೊಡನೆ ಮಕ್ಕಳೂ ಸೇರುತ್ತಾರೆಂಬುದು ಸಂಪ್ರದಾಯದ ವಿವರಣೆ. ಅಂದರೆ ಈ ಮತದಲ್ಲಿ ತಾಯಿಯ ಪ್ರೀತಿಯು ಭಾವವಾಗಿಯೇ ನಿಲ್ಲುವುದಲ್ಲದೆ ರಸಪದವಿಗೆ ಏರುವುದಿಲ್ಲ.

ಈ ಕಟ್ಟನ್ನು ಸ್ಪಷ್ಟವಾಗಿ ಸಡಿಲಿಸಿದವನು ಹದಿನಾಲ್ಕನೆಯ ಶತಮಾನದ ಉತ್ಕಲದೇಶದ ವಿಶ್ವನಾಥನು. ಆತನು ಸಾಹಿತ್ಯದರ್ಪಣದ ಮೂರನೆಯ ಪರಿಚ್ಛೇದದಲ್ಲಿ ವತ್ಸಲವನ್ನೂ ರಸವೆಂದು ಅಂಗೀಕರಿಸಿ, ಅದಕ್ಕೆ ಬೇಕಾದ ಅಂಗಗಳೆಲ್ಲವನ್ನೂ ಹೇಳಿದ್ದಾನೆ. ವತ್ಸಲತೆಯೆಂಬ ಸ್ನೇಹವು ಸ್ಥಾಯಿ, ಪುತ್ರಾದಿಗಳು ಆಲಂಬನ, ಅವರ ಚೇಷ್ಟೆ, ವಿದ್ಯೆ, ಶೌರ್ಯ, ದಯೆ ಮುಂತಾದುವು ಉದ್ದೀಪನ, ಆಲಿಂಗನ, ಅಂಗಸ್ಪರ್ಶ, ತಲೆಯ ಮೇಲೆ ಮುತ್ತಿಡುವುದು, ನೋಡುವುದು, ಪುಳಕ, ಆನಂದಬಾಷ್ಪ ಇವು ಅನುಭಾವ, ಅನಿಷ್ಟಶಂಕೆ, ಹರ್ಷ, ಗರ್ವ ಮೊದಲಾದುವು ಸಂಚಾರಿಗಳು. ಇದಕ್ಕೆ ತಾವರೆಯ ಒಡಲಿನ ಬಣ್ಣ, ಲೋಕಮಾತೃಗಳು ಅಧಿದೇವತೆಗಳು.

ಈ ಲಕ್ಷಣವು ಬಹು ಸೂಕ್ಷ್ಮವಾದುದು. ಆದರೂ ಎರಡು ಮಾತುಗಳು ಇಲ್ಲಿ ಗಮನಿಸತಕ್ಕವು. ಒಂದನೆಯದು, ಉದಾಹರಣೆಗೆ ವಿಶ್ವನಾಥನು ಆರಿಸಿಕೊಂಡದ್ದು ರಘುವಂಶದಲ್ಲಿ ಎಳೆಯ ರಘುವು ದಾದಿಯ ಬೆರಳು ಹಿಡಿದು ನಡೆಯುತ್ತ, ಆಕೆ ಹೇಳಿಕೊಟ್ಟ ಮಾತನ್ನು ನುಡಿಯುತ್ತ ತಂದೆಯ ಸಂತೋಷವನ್ನು ಬೆಳೆಸುವ ಪದ್ಯ. ಮಗುವು ಗಂಡು, ಸಂತೋಷವು ತಂದೆಯದು. ಮಗಳಿಗೆ 'ಪುತ್ರಾದಿ' ಎಂಬ ಸಮಾಸದ 'ಆದಿ' ಶಬ್ದದಲ್ಲಿ ಮಾತ್ರ ಎಡೆ ದೊರಕಿದೆ. ಎರಡನೆಯದು, ಉದ್ದೀಪನಗಳ ಪಟ್ಟಿಯಲ್ಲಿ ವಿದ್ಯೆ ಶೌರ್ಯಗಳು ಬಂದಿವೆ, ಅಲಂಕರಣವು ಬಂದಿಲ್ಲ. ಮುಖ್ಯವಾದುವನ್ನು ಹೇಳಿ ಉಳಿದವನ್ನು ಊಹೆಗೆ ಬಿಡುವುದು ಶಾಸ್ತ್ರಕಾರರ ಕ್ರಮವಾದುದರಿಂದ ಇದು ದೋಷವೆಂದಲ್ಲ. ಬಿಟ್ಟುದನ್ನು ತುಂಬಿಕೊಳ್ಳುವುದು ಓದುಗನ ಕೆಲಸವೆಂದಷ್ಟೇ ಇದರ ತಾತ್ಪರ್ಯ.

ಹಾಗೆ ತುಂಬಿಕೊಳ್ಳುವಾಗ ಒಂದು ವಿಶೇಷವು ತೋರುತ್ತದೆ. ಮಗುವಿನ ವಿದ್ಯೆಯೂ ಶೌರ್ಯವೂ ಮಗುವಿನಲ್ಲಿರತಕ್ಕವು. ತಾಯ್ತಂದೆಗಳು ಅವುಗಳನ್ನು ಕಂಡು ಹಿಗ್ಗುವರು. ಇಲ್ಲಿ ಉದ್ದೀಪನವೂ ಅನುಭಾವವೂ ಬೇರೆ ಬೇರೆ. ಅಲಂಕರಣದಲ್ಲಾದರೋ ತಾಯಿಯ ಕೈಯ ವ್ಯಾಪಾರವೇ ಅನುಭಾವ. ಆ ವ್ಯಾಪಾರದ ಫಲವಾಗಿ ಎದುರಿಗೆ ನಿಂತ ಮಗುವಿನ ಚೆಲುವೇ ಉದ್ದೀಪನ. ಪ್ರೀತಿಯು ಕೈಯನ್ನು ನಡೆಸುತ್ತದೆ. ಕೈ ಮಾಡಿದುದು ತಿರುಗಿ ಪ್ರೀತಿಯನ್ನು ಹೆಚ್ಚಿಸುತ್ತದೆ. ವತ್ಸಲದ ಬೇರೆ ಉದಾಹರಣೆಗಳಲ್ಲಿ ಇಷ್ಟು ನಿಕಟವಾದ ಸಂಬಂಧವು ಅಪರೂಪ. ಆದಕಾರಣ ಮಗಳ ಸಿಂಗಾರವು ವತ್ಸಲರಸಕ್ಕೆ ಹೊರಗಿನದಲ್ಲವೆಂದಷ್ಟೇ ಅಲ್ಲ, ಅದಕ್ಕೆ ಅತ್ಯಂತ ಒಪ್ಪುವ ಲಕ್ಷ್ಯವೆಂದೇ ಹೇಳಬೇಕಾಗುತ್ತದೆ.

೨. ಎರಡು ನೋಟಗಳು

ನಾಯಕನ ಕಣ್ಣಿಗೂ ತಾಯಿಯ ಕಣ್ಣಿಗೂ ಇರುವ ಭೇದವು ವರ್ಣನೆಯ ಕ್ರಮದಲ್ಲಿಯೇ ಕಾಣುತ್ತದೆ. ದೇವತೆಯನ್ನು ಪಾದದಿಂದಲೂ ಮಾನವಸ್ತ್ರೀಯನ್ನು ಮುಡಿಯಿಂದಲೂ ವರ್ಣಿಸಬೇಕೆಂಬುದು ಕವಿಸಮಯ. ಯಾವ ಕ್ರಮವಾದರೂ ನೋಡುವವನು ಎದುರಿಗೆ ನಿಂತಿರುತ್ತಾನೆ. ತಾಯಿಯು ಮಗಳ ಹಿಂದೆ ಕುಳಿತಿರುತ್ತಾಳೆ. ಅವಳ ಕೆಲಸವು ಬೈತಲೆಯಿಂದ ಆರಂಭವಾಗಿ ಬೆನ್ನಿನ ಮೇಲೆ ಇಳಿಯುತ್ತದೆ. ಮಗಳ ಮುಖವು ಅವಳಿಗೆ ಕಾಣುವುದು ಕಡೆಯಲ್ಲಿ, ಬೊಟ್ಟಿಡುವುದಕ್ಕಾಗಿ ಗಲ್ಲವನ್ನು ಹಿಡಿದು ತಿರುಗಿಸಿಕೊಂಡಾಗ.

ಕನ್ನಡನಾಡಿನ ಮೊಗ್ಗಿನ ಜಡೆಯು ಇದಕ್ಕೆ ಸಾಕ್ಷಿಯಾಗಿದೆ. ಅರಳದ ಮಲ್ಲಿಗೆಯ ಮೊಗ್ಗುಗಳನ್ನು ಸಾಲುಸಾಲಾಗಿ ಹೊಲಿದು ಜಡೆಯ ಉದ್ದಕ್ಕೂ ಹಚ್ಚಿ, ಮೇಲೆ ಜಡೆಬಿಲ್ಲೆಯನ್ನೂ ತುದಿಯಲ್ಲಿ ಕುಚ್ಚನ್ನೂ ಕಟ್ಟುವ ಈ ಅಲಂಕಾರವು ಗಂಟೆಗಟ್ಟಲೆಯ ಕೆಲಸ. ಅದೆಲ್ಲವೂ ಬೆನ್ನಿನ ಮೇಲೆಯೇ. ಧರಿಸಿದ ಹುಡುಗಿಗೆ ಅದು ಕಾಣುವುದೇ ಇಲ್ಲ. ಆದುದರಿಂದಲೇ ಛಾಯಾಚಿತ್ರಗಳು ರೂಢಿಗೆ ಬಂದ ಮೇಲೆ ಹುಡುಗಿಯ ಹಿಂದೆ ದೊಡ್ಡ ಕನ್ನಡಿಯನ್ನಿರಿಸಿ, ಮುಖವೂ ಜಡೆಯೂ ಒಂದೇ ಪಟದಲ್ಲಿ ಬೀಳುವಂತೆ ತೆಗೆಯಿಸುವ ಪದ್ಧತಿಯು ಹುಟ್ಟಿತು. ಹಳೆಯ ಮನೆಗಳ ಗೋಡೆಗಳಲ್ಲಿ ಇಂತಹ ಪಟಗಳು ಇಂದಿಗೂ ಉಂಟು. ಎದುರಿನಿಂದ ನೋಡುವವರ ಸೊಗಸೂ ಹಿಂದಿನಿಂದ ಹೆಣೆದವಳ ಸೊಗಸೂ ಅಲ್ಲಿ ಒಂದೇ ಪಟದಲ್ಲಿ ಬಂದಿವೆ.

ಅಲಂಕಾರದ ಗುರಿಯು ವರನ ನೋಟವೊಂದೇ ಅಲ್ಲವೆಂಬುದಕ್ಕೆ ಇನ್ನೊಂದು ಸಾಕ್ಷ್ಯವಿದೆ. ಚೌಲಕ್ಕೆ ಮುಂಚೆ ಗಂಡುಮಗುವಿನ ಕೂದಲು ಬೆಳೆದಿರುವಾಗ, ಅದಕ್ಕೂ ಜಡೆ ಹಾಕಿ, ಹೂ ಮುಡಿಸಿ, ಪರಕಾರವನ್ನುಡಿಸಿ, ಬಳೆ ತೊಡಿಸಿ ನೋಡುವ ಆಸೆಯು ಕನ್ನಡದ ತಾಯಂದಿರಿಗೆ ಸಹಜವಾದುದು. ಹೆಣ್ಣುಮಕ್ಕಳಿಲ್ಲದ ಮನೆಗಳಲ್ಲಿ ಇದು ಹೆಚ್ಚು. ಇಲ್ಲಿ ಶೃಂಗಾರದ ಗಂಧವೂ ಇಲ್ಲ. ವರಾನ್ವೇಷಣೆಯ ಪ್ರಯೋಜನವೂ ಇಲ್ಲ. ಸಿಂಗರಿಸುವ ಸಂತೋಷವು ತನಗೆ ತಾನೇ ಫಲವಾಗಿದೆ.

೩. ಕಾಳಿದಾಸನ ಮೇನೆ

ಕುಮಾರಸಂಭವದ ಏಳನೆಯ ಸರ್ಗದಲ್ಲಿ ಪಾರ್ವತಿಯ ಮಂಗಳಾಲಂಕಾರವು ಬರುತ್ತದೆ. ಊರಿನ ಮುತ್ತೈದೆಯರು ಅವಳಿಗೆ ಎಣ್ಣೆಯೊತ್ತಿ, ಮಂಗಳಸ್ನಾನ ಮಾಡಿಸಿ, ಒದ್ದೆಗೂದಲನ್ನು ಧೂಪದ ಬಿಸಿಯಿಂದ ಆರಿಸಿ, ದೂರ್ವೆಯೊಡನೆ ಹೆಣೆದ ಮಧೂಕಮಾಲೆಯನ್ನು ಕಟ್ಟುತ್ತಾರೆ. ಕಾಲಿಗೆ ಅಲಕ್ತಕವನ್ನು ಬಳಿದ ಸಖಿಯು ಗಂಡನ ತಲೆಯ ಚಂದ್ರಕಲೆಯನ್ನು ಈ ಕಾಲಿನಿಂದ ಮುಟ್ಟೆಂದು ಹಾಸ್ಯವಾಡುತ್ತಾಳೆ; ಪಾರ್ವತಿಯು ಮಾತಾಡದೆ ಮಾಲೆಯಿಂದ ಅವಳನ್ನು ಹೊಡೆಯುತ್ತಾಳೆ. ಇಲ್ಲಿಯವರೆಗಿನದು ಶೃಂಗಾರಕ್ಕೆ ಪೋಷಕವೆಂಬುದರಲ್ಲಿ ವಿವಾದವಿಲ್ಲ. ಕಡೆಗೆ ಪಾರ್ವತಿಯು ಕನ್ನಡಿಯಲ್ಲಿ ತನ್ನನ್ನು ಕಂಡು ಶಿವನನ್ನು ಸೇರಲು ತ್ವರೆಗೊಂಡಳೆಂದು ಹೇಳಿ, ಸ್ತ್ರೀಯರ ವೇಷಕ್ಕೆ ಪ್ರಿಯನು ನೋಡುವುದೇ ಫಲವೆಂಬ ಅರ್ಥಾಂತರನ್ಯಾಸದಿಂದ ಕವಿಯು ಆ ಪದ್ಯವನ್ನು ಮುಗಿಸುತ್ತಾನೆ.

ಈ ಅರ್ಥಾಂತರನ್ಯಾಸವು ಬಹು ಪ್ರಸಿದ್ಧವಾಗಿ ಲೋಕೋಕ್ತಿಯಂತೆ ಬಳಕೆಯಲ್ಲಿದೆ. ಅಲಂಕಾರವೆಲ್ಲವೂ ಶೃಂಗಾರವೆಂಬುವರಿಗೆ ಇದೇ ಆಧಾರ. ಆದರೆ ಕವಿಯು ಅಲ್ಲಿಗೆ ನಿಲ್ಲಲಿಲ್ಲ. ಒಡನೆಯೇ ಮುಂದಿನ ಪದ್ಯದಲ್ಲಿ ಮೇನೆಯು ಬರುತ್ತಾಳೆ. ಹಸಿಯ ಹರಿತಾಳವನ್ನೂ ಮನಃಶಿಲೆಯನ್ನೂ ಎರಡು ಬೆರಳುಗಳಿಂದ ತೆಗೆದುಕೊಂಡು, ಮಗಳ ಮುಖವನ್ನು ಮೇಲಕ್ಕೆತ್ತಿ, ವಿವಾಹದೀಕ್ಷೆಯ ತಿಲಕವನ್ನಿಡುತ್ತಾಳೆ. ಮಗಳು ಬೆಳೆಯುತ್ತ ಬಂದಂತೆ ಜೊತೆಯಲ್ಲಿಯೇ ಬೆಳೆದು ಬಂದಿದ್ದ ತಾಯಿಯ ಮನೋರಥವೇ ಆ ತಿಲಕವಾಯಿತೆಂದು ಕವಿಯು ಹೇಳುತ್ತಾನೆ. ಆ ಬಳಿಕ ಕೈಗೆ ಉಣ್ಣೆಯ ಕೌತುಕಸೂತ್ರವನ್ನು ಕಟ್ಟುವಾಗ ಅವಳ ಕಣ್ಣುಗಳಲ್ಲಿ ನೀರು ತುಂಬಿದ್ದುದರಿಂದ ದಾರವು ಇರಬೇಕಾದ ಎಡೆಯಲ್ಲಿ ಇರದೆ ಬೇರೆಡೆಗೆ ಸರಿಯಿತು. ದಾದಿಯು ತನ್ನ ಬೆರಳುಗಳಿಂದ ಅದನ್ನು ಸರಿಯಾದ ಎಡೆಗೆ ತಂದಳು.

ಪೌರ್ವಾಪರ್ಯವನ್ನು ನೋಡಿದರೆ ಕವಿಯ ಅಭಿಪ್ರಾಯವು ತಿಳಿಯುತ್ತದೆ. ಮುತ್ತೈದೆಯರ ಕೈ ತಪ್ಪಲಿಲ್ಲ, ಸಖಿಯು ನಕ್ಕಳು, ಅಲಂಕಾರವೆಲ್ಲವೂ ಒಪ್ಪವಾಗಿ ಮುಗಿಯಿತು. ತಾಯಿಯ ಕೈ ಮಾತ್ರ ತಪ್ಪಿತು. ವೇಷದ ಫಲವು ಪ್ರಿಯದರ್ಶನವೆಂದು ಹೇಳಿದ ಕವಿಯೇ ಮರುಗಳಿಗೆಯಲ್ಲಿ, ಪ್ರಿಯನ ನೋಟವನ್ನು ಬಯಸದ ಇನ್ನೊಂದು ಕೈಯನ್ನು ತೋರಿಸಿ ಆ ನಿಯಮಕ್ಕೆ ಮಿತಿಯನ್ನು ಇಟ್ಟಿದ್ದಾನೆ. ಇಲ್ಲಿ ಅಂಗಸ್ಪರ್ಶ, ಈಕ್ಷಣ, ಬಾಷ್ಪ ಎಂಬ ವಿಶ್ವನಾಥನ ಅನುಭಾವಗಳೆಲ್ಲವೂ ಇವೆ. ಕಣ್ಣೀರು ಹರ್ಷದಿಂದಲೋ ಅಗಲಿಕೆಯಿಂದಲೋ ಎಂದು ಕವಿಯು ಬಿಡಿಸಿ ಹೇಳಲಿಲ್ಲ, ಹೇಳದಿರುವುದೇ ಉಚಿತ.

ಹಿಂದಿನ ಸರ್ಗಗಳನ್ನು ನೆನೆದರೆ ಈ ಸ್ಥಳದ ಭಾರವು ಇನ್ನೂ ಹೆಚ್ಚುತ್ತದೆ. ತಪಸ್ಸು ಬೇಡವೆಂದು ತಡೆದವಳು ಇದೇ ಮೇನೆ. ತಾಯಿಯ ಮಾತನ್ನು ಮೀರಿ ಮಗಳು ಹಾರವನ್ನು ತೆಗೆದಿಟ್ಟು, ನಾರುಬಟ್ಟೆಯನ್ನುಟ್ಟು, ಮೌಂಜಿಯನ್ನು ಕಟ್ಟಿ, ಜಟೆಯನ್ನು ಧರಿಸಿದಳು. ಮಂದಾಕಿನಿಯ ಮರಳಿನಲ್ಲಿ ಚೆಂಡು ಬೊಂಬೆಗಳೊಡನೆ ಆಡುತ್ತಿದ್ದ ಮಗುವನ್ನು ಸಿಂಗರಿಸಿದ ಕೈಗೆ ಎಷ್ಟೋ ಕಾಲ ಕೆಲಸವಿಲ್ಲದೆ ಹೋಯಿತು. ಜಟೆಯಾಗಿದ್ದ ಕೂದಲು ಮತ್ತೆ ಹೂವನ್ನು ಕಂಡ ದಿನವೇ ಮಗಳು ಮನೆಯನ್ನು ಬಿಡುವ ದಿನವೂ ಆಯಿತು. ಆ ಕೈ ತಪ್ಪದೆ ಏನು ಮಾಡೀತು?

ಶಾಕುಂತಲದ ನಾಲ್ಕನೆಯ ಅಂಕವು ಇದಕ್ಕೆ ಪ್ರತಿಯಾಗಿ ನಿಲ್ಲುತ್ತದೆ. ಅಲ್ಲಿ ಸಿಂಗರಿಸಲು ತಾಯಿಯಿಲ್ಲ. ಹೆತ್ತ ಮೇನಕೆಯು ಬಿಟ್ಟುಹೋದವಳು. ವಸ್ತ್ರಾಭರಣಗಳನ್ನು ತಪೋವನದ ಮರಗಳು ಕೊಡುತ್ತವೆ. ಆಭರಣವನ್ನು ತೊಟ್ಟು ಅರಿಯದ ಸಖಿಯರು ಚಿತ್ರಗಳಲ್ಲಿ ಕಂಡ ಪರಿಚಯದಿಂದ ಅವುಗಳನ್ನು ಇಡುತ್ತಾರೆ. ತಾಯಿಯಿಂದ ಮಗಳಿಗೆ ಕೈಯಿಂದ ಕೈಗೆ ಬರುವ ವಿದ್ಯೆಯು ಅಲ್ಲಿ ಚಿತ್ರದಿಂದ ಕಲಿತ ವಿದ್ಯೆಯಾಗಿದೆ. ಇಲ್ಲದ ತಾಯಿಯನ್ನು ಕವಿಯು ಹೀಗೆ ಒಂದು ಮಾತೂ ಆಡದೆ ನೆನಪಿಗೆ ತಂದಿದ್ದಾನೆ.

೪. ಹಳೆಯ ಕನ್ನಡದ ಸಾಕ್ಷ್ಯ

ಕನ್ನಡದಲ್ಲಿ ಈ ವಿಷಯಕ್ಕೆ ಮೊದಲು ಸಾಕ್ಷ್ಯ ಹೇಳುವುದು ಭಾಷೆಯೇ. ಸೀರೆಯನ್ನು ಉಡುವುದು, ಕುಪ್ಪಸವನ್ನೂ ಬಳೆಯನ್ನೂ ತೊಡುವುದು, ಹೂವನ್ನು ಮುಡಿಯುವುದು, ಬೊಟ್ಟನ್ನು ಇಡುವುದು, ಗಂಧವನ್ನು ಪೂಸುವುದು ಎಂದು ಕನ್ನಡವು ಒಂದೊಂದು ಅಲಂಕಾರಕ್ಕೂ ಒಂದೊಂದು ಧಾತುವನ್ನು ಇಟ್ಟುಕೊಂಡಿದೆ. ಇವುಗಳಲ್ಲಿ ಹಲವಕ್ಕೆ 'ಇಸು' ಪ್ರತ್ಯಯವು ಸೇರಿ ಉಡಿಸು, ತೊಡಿಸು, ಮುಡಿಸು ಎಂಬ ಪ್ರೇರಣಾರ್ಥಕಗಳಾಗುತ್ತವೆ. ಸಾಮಾನ್ಯವಾಗಿ ಪ್ರೇರಣಾರ್ಥದಲ್ಲಿ ಮಾಡಿಸುವವನು ಬೇರೆ, ಮಾಡುವವನು ಬೇರೆ. 'ಕಟ್ಟಿಸಿದನು' ಎಂದರೆ ಕಲ್ಲು ಹೊತ್ತವನು ಇನ್ನೊಬ್ಬನು. 'ಮುಡಿಸಿದಳು' ಎಂದಾಗಲಾದರೋ ಹೂವಿಟ್ಟವಳು ತಾಯಿಯೇ, ಮುಡಿದವಳು ಮಗಳು. ಉಣಿಸು, ಕುಡಿಸು ಎಂಬುವೂ ಈ ಜಾತಿಯವೇ. ಮಗುವು ತಾನಾಗಿ ಮಾಡಿಕೊಳ್ಳಲಾರದ ಕೆಲಸಗಳಲ್ಲಿ ಪ್ರೇರಕನೂ ಕರ್ತೃವೂ ಹೀಗೆ ಒಂದಾಗುವುದು ವ್ಯಾಕರಣದಲ್ಲಿ ಕಾಣುವ ವಾತ್ಸಲ್ಯವೆಂದರೆ ತಪ್ಪಾಗಲಾರದು.

ಭಾಷೆಯಲ್ಲಿ ಇಷ್ಟು ಸಮೃದ್ಧಿಯಿದ್ದರೂ ಪ್ರೌಢಕಾವ್ಯಗಳಲ್ಲಿ ತಾಯಿಯು ಮಗಳನ್ನು ಸಿಂಗರಿಸುವ ಸಂದರ್ಭಗಳು ವಿರಳವಾಗಿವೆ. ಹೆಣ್ಣುಮಕ್ಕಳ ವಿಷಯದ ವಾತ್ಸಲ್ಯಕ್ಕೆ ಹಳೆಯ ಪ್ರಸಿದ್ಧ ಲಕ್ಷ್ಯವು ಆದಿಪುರಾಣದ ಕಥೆಯಲ್ಲಿದೆ. ಕ್ರಿ. ಶ. ೯೪೧ರಲ್ಲಿ ಪಂಪನು ಕನ್ನಡಿಸಿದ ಆ ಕಥೆಯಲ್ಲಿ ಆದಿದೇವನು ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕವನ್ನೂ ಕಲಿಸುತ್ತಾನೆ. ಇದು ವಿಶ್ವನಾಥನ ಪಟ್ಟಿಯ 'ವಿದ್ಯೆ'ಗೆ ಸೇರತಕ್ಕದ್ದು. ಅವನ ಗ್ರಂಥಕ್ಕಿಂತ ಎಷ್ಟೋ ಹಿಂದೆಯೇ ಹೆಣ್ಣುಮಕ್ಕಳಿಗೆ ಅನ್ವಯಿಸಿದುದು ಜೈನಪುರಾಣಗಳ ಹೆಚ್ಚುಗಾರಿಕೆ. ಆದರೆ ಇಲ್ಲಿ ಕೊಡುವವನು ತಂದೆ. ಕೊಟ್ಟ ಅಲಂಕಾರವು ಅಕ್ಷರ.

ಸಿಂಗಾರಕ್ಕೂ ನೋಟಕ್ಕೂ ಇರುವ ವಿರೋಧವನ್ನು ಅತ್ಯಂತ ತೀವ್ರವಾಗಿ ತೋರಿಸುವುದು ಮಹಾದೇವಿಯಕ್ಕನ ಚರಿತೆ. ಅವಳ ಊರಾದ ಉಡುತಡಿಯು ಶಿಕಾರಿಪುರ ತಾಲ್ಲೂಕಿನದು, ಸಾಗರಕ್ಕೆ ಬಹುದೂರವಲ್ಲ. ಅರಸನಾದ ಕೌಶಿಕನು ಅವಳನ್ನು ಕಂಡು ಮೋಹಗೊಂಡನೆಂಬ ಕಥೆಯನ್ನು ಹರಿಹರನು ರಗಳೆಯಲ್ಲಿ ಹೇಳಿದ್ದಾನೆ. ತಾಯ್ತಂದೆಗಳು ಮುದ್ದಿನಿಂದ ಬೆಳೆಸಿದ ಮಗಳ ಚೆಲುವು ಅರಸನ ಕಣ್ಣಿಗೆ ಬಿದ್ದ ಕೂಡಲೆ ಅಪಾಯಕ್ಕೆ ಕಾರಣವಾಯಿತು. ಕಡೆಗೆ ಉಡುಗೆತೊಡುಗೆಗಳನ್ನೆಲ್ಲ ಬಿಸುಟು ಅಕ್ಕನು ಕೂದಲನ್ನೇ ಹೊದ್ದು ಹೊರಟಳೆಂಬುದು ಸಂಪ್ರದಾಯ. ಅರಸನಿಗೆ ಸೇರಿದುದೆಲ್ಲವನ್ನೂ ಬಿಟ್ಟ ಮೇಲೆ ಉಳಿದುದು ಎಳವೆಯಲ್ಲಿ ತಾಯಿಯು ಎಣ್ಣೆಯೆರೆದು ಬಾಚಿದ ಆ ಕೂದಲೊಂದೇ ಎಂಬುದನ್ನು ಓದುಗನು ಮರೆಯತಕ್ಕದ್ದಲ್ಲ. ಅಕ್ಕನ ವೈರಾಗ್ಯವು ನಿರಾಕರಿಸಿದುದು ಅರಸನ ನೋಟವನ್ನೇ ಹೊರತು ಆ ಕೈಯನ್ನಲ್ಲ.

೫. ಮಲೆನಾಡಿನ ನಡವಳಿಕೆ

ಪ್ರೌಢಕಾವ್ಯದಲ್ಲಿ ವಿರಳವಾದುದು ಹೆಂಗಸರ ಹಾಡುಗಳಲ್ಲಿ ಧಾರಾಳವಾಗಿದೆ. ಈ ಹಾಡುಗಳ ಬೆಲೆಯನ್ನು ವಿದ್ವಾಂಸರಿಗೆ ತೋರಿಸಿಕೊಟ್ಟವರು ಬಿಜಾಪುರದ ಸೀಮೆಯ ಹಲಸಂಗಿಯ ಗೆಳೆಯರು. ೧೯೩೧ರಲ್ಲಿ ಪ್ರಕಟವಾದ 'ಗರತಿಯ ಹಾಡು' ಎಂಬ ಅವರ ಸಂಗ್ರಹವು ತಾಯಿಯ ಹಿಗ್ಗೂ ತೌರಿನ ಹಂಬಲವೂ ತ್ರಿಪದಿಯಲ್ಲಿ ಎಷ್ಟು ಗಂಭೀರವಾಗಿ ನಿಲ್ಲಬಲ್ಲುವೆಂಬುದನ್ನು ಪಂಡಿತರಿಗೆ ಒಪ್ಪಿಸಿತು. ಆ ಬಯಲುಸೀಮೆಯಿಂದ ಬಹುದೂರದ ಮಲೆನಾಡಿನಲ್ಲಿಯೂ ಇದೇ ಸಂಪತ್ತು ಬೇರೊಂದು ಬಗೆಯಲ್ಲಿದೆ. ಅಲ್ಲಿ ಮದುವೆ ಹಬ್ಬಗಳಲ್ಲಿ ಎಣ್ಣೆ ಅರಿಸಿನ ಹಚ್ಚುವುದಕ್ಕೂ, ಹೂ ಮುಡಿಸುವುದಕ್ಕೂ, ಆರತಿ ಎತ್ತುವುದಕ್ಕೂ ಬೇರೆ ಬೇರೆ ಹಾಡುಗಳುಂಟು. ಕೈ ಮಾಡುವ ಕೆಲಸವನ್ನು ಬಾಯಿ ಹಾಡುತ್ತದೆ. ಅಲ್ಲಿ ಕ್ರಿಯೆಗೂ ವರ್ಣನೆಗೂ ಅಂತರವೇ ಇಲ್ಲ.

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರ ಸಾಗರ ಸೀಮೆಗಳನ್ನು ಹಾದು ಜೋಗಕ್ಕೆ ಇಳಿಯುತ್ತದೆ. ಈ ಸೀಮೆಯ ಹವ್ಯಕರ ಮಾತಿನಲ್ಲಿ 'ಕೂಸು' ಎಂದರೆ ಹುಡುಗಿ, 'ಮಾಣಿ' ಎಂದರೆ ಹುಡುಗ. ಬೇರೆಡೆಯಲ್ಲಿ ಎಳೆಯ ಮಗುವಿಗೆ ಮಾತ್ರ ಸಲ್ಲುವ ಹೆಸರು ಇಲ್ಲಿ ಮದುವೆಗೆ ಬಂದ ಹುಡುಗಿಗೂ ಸಲ್ಲುತ್ತದೆ. ಮಗಳು ಎಷ್ಟು ಬೆಳೆದರೂ ಮನೆಯವರ ಬಾಯಲ್ಲಿ ಕೂಸೇ ಆಗಿರುವಳು. ಅವಳ ಸಿಂಗಾರವೂ ಕೂಸಿನ ಸಿಂಗಾರದ ಮುಂದುವರಿಕೆಯೇ ಆಗಿರುವುದು. ಸಂಗ್ರಹಗಳಲ್ಲಿ ಈ ಶಬ್ದವನ್ನು ಕಂಡು ಶಿಶುವೆಂದೇ ಅರ್ಥಮಾಡಿದರೆ ಹಾಡಿನ ಭಾವವು ಕೆಡುತ್ತದೆ.

ಇಲ್ಲಿ ಸಿಂಗಾರದ ಮುಖ್ಯಸಾಮಗ್ರಿಯು ಹೂವು. ಮಳೆಗಾಲದ ಆರಂಭದಲ್ಲಿ ಮರಗಳ ಮೇಲೆ ಗೊಂಚಲಾಗಿ ಇಳಿಬೀಳುವ ಸೀತಾಳೆ ದಂಡೆಯನ್ನು ಕಟ್ಟುವ ಶ್ರಮವಿಲ್ಲ, ಇದ್ದಂತೆಯೇ ಮುಡಿಸಬಹುದು. ಅಂಗಳದಲ್ಲಿ ಮಳೆಗಾಲಕ್ಕೆ ಡೇರೆ ಹೂವು, ಬೇರೆ ಕಾಲಕ್ಕೆ ಸಂಪಿಗೆ, ಸುರಗಿ, ಅಬ್ಬಲಿಗೆ. ಚಿನ್ನವು ಉಳ್ಳವರ ಮನೆಯದು. ಹೂವಾದರೋ ಬಡವಳ ಮಗಳಿಗೂ ದೊರೆಯುವುದು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಸಾಗರ ಹೊಸನಗರ ಸೀಮೆಗಳ ಅನೇಕ ಹಳ್ಳಿಗಳು ಮುಳುಗಿದುವು. ಜನರು ಬೇರೆ ಬೇರೆ ಊರುಗಳಿಗೆ ಚದರಿದರು. ಅಂಗಳದ ಗಿಡಮರಗಳೂ ಮುಳುಗಿದುವು. ಮುಡಿಸುವ ಹಾಡುಗಳಾದರೋ ಹೆಂಗಸರ ಕಂಠದಲ್ಲಿದ್ದುದರಿಂದ ಅವರೊಡನೆಯೇ ಹೊರಟುವು. ಹಾಡಿನಲ್ಲಿ ಹೆಸರುಳ್ಳ ಹೂವು ಹೊಸ ಅಂಗಳದಲ್ಲಿ ಇರದೆ ಹೋಗಬಹುದು. ಆದಕಾರಣ ಇಂತಹ ಹಾಡುಗಳನ್ನು ಕೂಡಿಸುವವರು ಹಾಡಿನೊಡನೆ ಅದು ಯಾವ ಹೂವಿಗೆ, ಯಾವ ಕೆಲಸಕ್ಕೆ, ಯಾವ ಊರಿನಲ್ಲಿ ಸೇರಿದ್ದಿತೆಂಬುದನ್ನೂ ಬರೆದಿಡುವುದು ಅಗತ್ಯ.

ಸಿಂಗಾರದ ಕಡೆಯ ಕೆಲಸವು ದೃಷ್ಟಿಬೊಟ್ಟು. ಎಲ್ಲವೂ ಮುಗಿದ ಮೇಲೆ ತಾಯಿಯು ಕಾಡಿಗೆಯಿಂದ ಮಗುವಿನ ಕೆನ್ನೆಯ ಮೇಲೆ ಒಂದು ಕಪ್ಪುಚುಕ್ಕೆಯನ್ನು ಇಡುತ್ತಾಳೆ. ಇಷ್ಟು ಹೊತ್ತು ಚೆಲುವನ್ನು ಕೂಡಿಸಿದ ಕೈಯೇ ಕಡೆಯಲ್ಲಿ ಒಂದು ಕಳಂಕವನ್ನು ಬೇಕೆಂದೇ ಸೇರಿಸುತ್ತದೆ. ವಿಶ್ವನಾಥನು ವತ್ಸಲದ ಸಂಚಾರಿಗಳಲ್ಲಿ ಅನಿಷ್ಟಶಂಕೆಯನ್ನು ಮೊದಲು ಹೇಳಿ, ಹರ್ಷಗರ್ವಗಳನ್ನು ಆಮೇಲೆ ಹೇಳಿದುದರ ಔಚಿತ್ಯವು ಇಲ್ಲಿ ಮನದಟ್ಟಾಗುತ್ತದೆ. ಹಿಗ್ಗಿದಷ್ಟೂ ಹೆದರಿಕೆ ಹೆಚ್ಚುವುದು. ಆ ಹೆದರಿಕೆಯ ಚಿಹ್ನೆಯೇ ಆ ಚುಕ್ಕೆ. ಕೆಟ್ಟ ಕಣ್ಣು ಎಂಬುದನ್ನು ನಂಬದವರಿಗೂ ಇದರ ಭಾವವು ಅರ್ಥವಾಗದಿರದು.

೬. ಅನಿಷ್ಟವು ನಿಜವಾದಾಗ

ಈ ಶಂಕೆಯು ಬರಿಯ ಭ್ರಾಂತಿಯಾಗಿರಲಿಲ್ಲವೆಂಬುದನ್ನು ಮಲೆನಾಡಿನ ಸಾಹಿತ್ಯವೇ ಹೇಳುತ್ತದೆ. ತೀರ್ಥಹಳ್ಳಿಯಲ್ಲಿ ೧೯೧೭ರಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯು ೧೯೭೬ರಲ್ಲಿ ಪ್ರಕಟವಾಯಿತು. ಲೇಖಿಕೆಯ ಬಂಧುವರ್ಗದ ಹಿರಿಯಳೊಬ್ಬಳ ಬಾಳೇ ಅದರ ವಸ್ತು. ಎಳೆಯ ವಯಸ್ಸಿನಲ್ಲಿಯೇ ಮದುವೆಯಾದ ಹುಡುಗಿಯು ಸ್ವಲ್ಪಕಾಲದಲ್ಲಿಯೇ ಗಂಡನನ್ನು ಹಾವಿನ ಕಡಿತದಿಂದ ಕಳೆದುಕೊಳ್ಳುತ್ತಾಳೆ. ಅವಳು ದೊಡ್ಡವಳಾದ ಮೇಲೆ ಆ ಕಾಲದ ಆಚಾರದಂತೆ ಅವಳ ತಲೆಯನ್ನು ಬೋಳಿಸುತ್ತಾರೆ. ಆ ಬಳಿಕ ಅವಳು ದೀರ್ಘಕಾಲ ಬಾಳಿ, ಹತ್ತು ಮನೆಗಳ ಕಷ್ಟಕ್ಕೆ ಆಗುತ್ತ, ಕಡೆಗೆ ಇನ್ನೊಬ್ಬ ಎಳೆಯ ವಿಧವೆಯು ಆ ಮುಂಡನವನ್ನು ಒಪ್ಪದೆ ನಿಂತಾಗ ಆ ಹುಡುಗಿಯ ಪರವಾಗಿಯೇ ಮಾತನಾಡುತ್ತಾಳೆ. ೧೯೮೩ರಲ್ಲಿ ಪ್ರೇಮಾ ಕಾರಂತರು ಇದನ್ನು ಚಲನಚಿತ್ರವಾಗಿ ಮಾಡಿದರು.

ಈ ಕಾದಂಬರಿಯನ್ನು ಸಮಾಜಸುಧಾರಣೆಯ ಕಥೆಯೆಂದು ಓದುವುದು ವಾಡಿಕೆ, ಅದು ತಪ್ಪಲ್ಲ. ಆದರೆ ರಸದೃಷ್ಟಿಯ ಓದುಗನು ಇನ್ನೊಂದನ್ನೂ ಕಾಣಬೇಕು. ಎಣ್ಣೆಯಿಟ್ಟು ಹೂ ಮುಡಿಸಿದ ಕೈಗಳಿದ್ದ ಮನೆಯೇ ಕತ್ತಿಗೆ ಆ ತಲೆಯನ್ನು ಒಪ್ಪಿಸಿತು. ಜಡೆಯು ತಾಯಿಯ ಪ್ರೀತಿಯ ಕೃತಿಯಾಗಿದ್ದರೂ ಲೋಕದ ಲೆಕ್ಕದಲ್ಲಿ ಅದು ಗಂಡನ ಆಯುಷ್ಯಕ್ಕೆ ಸೇರಿದ ಚಿಹ್ನೆಯೆಂದು ಎಣಿಸಲ್ಪಟ್ಟಿತ್ತು. ವೇಷದ ಫಲವು ಪ್ರಿಯದರ್ಶನವೆಂಬ ಮಾತನ್ನು ಕಾವ್ಯದಿಂದ ಎತ್ತಿ ಧರ್ಮದ ನಿಯಮವನ್ನಾಗಿ ಮಾಡಿದರೆ, ಪ್ರಿಯನು ಇಲ್ಲದವಳಿಗೆ ವೇಷವೂ ಇಲ್ಲವೆಂಬ ತೀರ್ಮಾನವು ಬಂದೇ ಬರುತ್ತದೆ. ಇದರಿಂದ, ಅಲಂಕರಣವನ್ನೆಲ್ಲ ಶೃಂಗಾರಕ್ಕೆ ಸೇರಿಸುವುದು ಕೇವಲ ಶಾಸ್ತ್ರಗ್ರಂಥಗಳ ವರ್ಗೀಕರಣದ ಮಾತಲ್ಲವೆಂದು ಸ್ಪಷ್ಟವಾಗುತ್ತದೆ. ಫಣಿಯಮ್ಮನ ಮುಡಿಯು ಮೊದಲು ತಾಯಿಯದು, ಅವಳದು. ಆ ಮುಡಿಯ ಮೇಲೆ ಸತ್ತ ಗಂಡನಿಗೆ ಹಕ್ಕಿದ್ದುದು ಹೇಗೆಂಬ ಪ್ರಶ್ನೆಯನ್ನು ಕೇಳಬೇಕಾದರೆ ಸಿಂಗಾರದ ಮೊದಲ ಸ್ಥಾನವು ವತ್ಸಲದಲ್ಲಿದೆಯೆಂಬುದನ್ನು ಒಪ್ಪಿರಬೇಕು.

ತೀರ್ಥಹಳ್ಳಿಯ ಸೀಮೆಯವರೇ ಆದ ಯು. ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ' ಕಥೆಯಲ್ಲಿಯೂ, ಅದನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ಮಾಡಿದ ಚಲನಚಿತ್ರದಲ್ಲಿಯೂ ಎಳೆಯ ವಿಧವೆಯ ದುರವಸ್ಥೆಯೇ ವಸ್ತು. ಅಲ್ಲಿ ಅವಳನ್ನು ಕಾಣುವ ಕಣ್ಣು ಒಬ್ಬ ಬಾಲಕನದು. ಚಿತ್ರದ ಕಡೆಯಲ್ಲಿ ಬೋಳಿಸಿದ ತಲೆಯಿಂದ ಕುಳಿತ ಯಮುನೆಯನ್ನು ಕಂಡು ನೋಡುವವರಿಗೆ ಉಂಟಾಗುವ ಶೋಕಕ್ಕೆ ಮೂಲವು ಶೃಂಗಾರದ ಭಂಗವಲ್ಲ. ಮಗುವಾಗಿ ಸಾಕಿಸಿಕೊಳ್ಳಬೇಕಾದವಳಿಗೆ ಸಾಕುವ ಕೈಯಿಲ್ಲದೆ ಹೋದುದು.

ಮೈಸೂರು ಸಂಸ್ಥಾನದಲ್ಲಿ ೧೮೯೪ರ ಕಾನೂನು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ೧೯೨೯ರ ಶಾರದಾ ಕಾನೂನು ಆ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿತು. ಕೇಶಮುಂಡನದ ಆಚಾರವು ಕಾಲಕ್ರಮದಲ್ಲಿ ಮಲೆನಾಡಿನ ಮನೆಗಳಿಂದ ಮರೆಯಾಯಿತು. ಅದು ಮರೆಯಾದ ಮೇಲೆ ತಾಯಿಯ ಅನಿಷ್ಟಶಂಕೆಯಿಂದ ಒಂದು ದೊಡ್ಡ ಭಾಗವು ಕಳೆಯಿತೆಂದೇ ಹೇಳಬೇಕು.

೭. ಆಕ್ಷೇಪ ಸಮಾಧಾನಗಳು

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಮಗಳನ್ನು ಸಿಂಗರಿಸುವುದರಲ್ಲಿ ಇರುವುದು ವಾತ್ಸಲ್ಯವಲ್ಲ, ತಾಯಿಯ ಗರ್ವ. ನೆರೆಯವರೆದುರಿಗೆ ಮನೆತನವನ್ನು ಮೆರೆಯಿಸುವ ಆಸೆ—ಎಂಬುದು ಮೊದಲನೆಯದು. ಗರ್ವವು ಇರಬಹುದು, ವಿಶ್ವನಾಥನು ಅದನ್ನು ಸಂಚಾರಿಯೆಂದು ಒಪ್ಪಿದ್ದಾನೆ. ಸಂಚಾರಿಯು ಬಂದು ಹೋಗತಕ್ಕದ್ದು. ಅದೇ ಸ್ಥಾಯಿಯಾಗಿ ನಿಂತು, ಮಗುವು ನಗವನ್ನು ತೂಗುಹಾಕುವ ಗೂಟವಾದರೆ, ಅಲ್ಲಿ ರಸಾಭಾಸವೇ ಸರಿ. ಕೈಯು ಮಗುವಿನ ಕಡೆಗೆ ನೋಡುತ್ತಿದೆಯೋ ಬೀದಿಯ ಕಡೆಗೆ ನೋಡುತ್ತಿದೆಯೋ ಎಂಬುದೇ ಇದರ ಪರೀಕ್ಷೆ. ಹೆಣ್ಣು ನೋಡಲು ಬಂದವರ ಮುಂದೆ ನಿಲ್ಲಿಸುವುದಕ್ಕಾಗಿ ಮಾಡುವ ಸಿಂಗಾರದಲ್ಲಿ ತಾಯಿಯ ಕೈ ನಡುಗುವುದು ಈ ಎರಡು ನೋಟಗಳ ನಡುವೆ ಅವಳು ಸಿಕ್ಕಿಕೊಂಡಿರುವುದರಿಂದಲೇ.

ಮಗುವಿನ ಇಚ್ಛೆಯನ್ನು ಕೇಳದೆ ಅದನ್ನು ಬೊಂಬೆಯಂತೆ ಆಡಿಸುವುದು ಪ್ರೀತಿಯೆ?—ಎಂಬುದು ಎರಡನೆಯದು. ಸಿಕ್ಕು ಬಿಡಿಸುವಾಗ ಅಳುವುದು, ಬಿಗಿಯಾದ ಜಡೆಯನ್ನು ಕಿತ್ತುಕೊಳ್ಳುವುದು, ಬೊಟ್ಟನ್ನು ಒರಸಿಕೊಂಡು ಓಡುವುದು ಎಲ್ಲ ಮನೆಗಳಲ್ಲಿಯೂ ನಡೆಯುವ ಸಂಗತಿ. ವಿಶ್ವನಾಥನು ಉದ್ದೀಪನಗಳಲ್ಲಿ ಮೊದಲು ಎಣಿಸಿದ 'ಚೇಷ್ಟೆ'ಯೆಂಬುದು ಇದೇ. ಮಗುವಿನ ವಿರೋಧವನ್ನು ಕಂಡು ನಕ್ಕು, ಮತ್ತೆ ಕುಳ್ಳಿರಿಸಿ, ಕೆಲವು ವೇಳೆ ಹಾಗೆಯೇ ಬಿಟ್ಟುಬಿಡುವ ತಾಯಿಯಲ್ಲಿ ವತ್ಸಲವು ಪೂರ್ಣವಾಗಿದೆ. ತಾಪಸಿಯಾದ ಮಗಳ ಜಟೆಯನ್ನು ಮೇನೆಯು ಸಹಿಸಿದಳು. ಸಹಿಸಿದುದರಿಂದಲೇ ಅವಳ ತಿಲಕಕ್ಕೆ ಆ ಬೆಲೆ ಬಂದಿತು.

ಉಪಸಂಹಾರ

ಇದುವರೆಗಿನ ವಿಚಾರದಿಂದ ಸಿದ್ಧವಾದುದು ಇಷ್ಟು: ಅಲಂಕರಣವು ಪ್ರಕರಣಕ್ಕೆ ತಕ್ಕಂತೆ ಶೃಂಗಾರಕ್ಕೂ ವತ್ಸಲಕ್ಕೂ ಅಂಗವಾಗಬಲ್ಲದು, ತಾಯಿಯು ಮಗಳನ್ನು ಸಿಂಗರಿಸುವಲ್ಲಿ ಅದು ವತ್ಸಲಕ್ಕೇ ಸೇರತಕ್ಕದ್ದು, ಅಲ್ಲಿ ಅದು ಅನುಭಾವವೂ ಉದ್ದೀಪನವೂ ಆಗಿ ಆ ರಸವನ್ನು ಬೇರೆಲ್ಲಕ್ಕಿಂತ ಹೆಚ್ಚಾಗಿ ಪೋಷಿಸುತ್ತದೆ. ಕುಮಾರಸಂಭವದ ಏಳನೆಯ ಸರ್ಗವನ್ನು ಪಾಠಹೇಳುವ ಅಧ್ಯಾಪಕರು ಕನ್ನಡಿಯ ಪದ್ಯದ ಲೋಕೋಕ್ತಿಯಲ್ಲಿ ನಿಲ್ಲದೆ, ಮುಂದಿನ ಮೂರು ಪದ್ಯಗಳನ್ನೂ ಅದರೊಡನೆ ಒಂದೇ ಪ್ರಕರಣವಾಗಿ ಹೇಳುವುದು ಉಚಿತ. ಕನ್ನಡದ ವಿದ್ಯಾರ್ಥಿಗಳಿಗೆ ಅದರ ಪಕ್ಕದಲ್ಲಿ ಮಲೆನಾಡಿನ ಹೂ ಮುಡಿಸುವ ಹಾಡುಗಳನ್ನೂ 'ಫಣಿಯಮ್ಮ'ನನ್ನೂ ಇರಿಸಿದರೆ, ಮೇನೆಯ ಕೈಯಿಂದ ದಾರವು ಸರಿದುದು ಏತಕ್ಕೆಂದು ಬೇರೆಯಾಗಿ ವಿವರಿಸಬೇಕಾಗಲಾರದು. ಈ ವಿಚಾರದಲ್ಲಿ ಯುಕ್ತವಾದುದನ್ನು ಸ್ವೀಕರಿಸಿ ಅಯುಕ್ತವಾದುದನ್ನು ತಿದ್ದುವುದು ಸಹೃದಯರಿಗೆ ಸೇರಿದುದು.